ಹಸಿರು ಟ್ಯಾಂಕಿನ ಸದಾಶಿವಯ್ಯ

ಸದಾಶಿವಯ್ಯನವರು ಟಿ.ವಿ. ರಿಪೇರಿ ಮಾಡುತ್ತಿದ್ದರು. ಮೈಸೂರಿನ ಕುವೆಂಪುನಗರದ ಒಂದು ಅಡ್ಡರಸ್ತೆಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕದ ಮಳಿಗೆ ಅವರದು. ಮನೆ ಲಕ್ಷ್ಮೀಪುರಂನಲ್ಲಿ, ನಮ್ಮ ಮನೆಯ ಗೋಡೆಗೆ ಅಂಟಿಕೊಂಡಿದ್ದ ಎರಡು ಕೋಣೆಯ ಬಾಡಿಗೆ ಮನೆ. ಗಿರಣಿಯ ದೂಳು ಅವರ ಹುಬ್ಬಿನ ಮೇಲೆ ಸದಾ ಕೂತಿರುತ್ತಿತ್ತು. ಹಣೆಯಲ್ಲಿ ವಿಭೂತಿ ಎಷ್ಟು, ಅಕ್ಕಿಹಿಟ್ಟು ಎಷ್ಟು ಎಂದು ಹೆಂಡತಿ ಚೂಡಾಮಣಿ ಕೀಟಲೆ ಮಾಡುತ್ತಿದ್ದರು. ಆಕೆ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ಮಕ್ಕಳಿರಲಿಲ್ಲ. ಆ ವಿಷಯ ಕೆದಕುವವರಿಗೆಲ್ಲ ಆಕೆಯದು ಒಂದೇ ಉತ್ತರ: "ಇಲ್ಲ ಕಣ್ರೀ. ಅಳತೆ ರವಿಕೆ ತಂದಿದೀರಾ?"

ತೊಂಬತ್ತೈದರಲ್ಲಿ ಒಬ್ಬ ಬ್ಯಾಂಕ್ ಅಧಿಕಾರಿ ಮಗನ ವಿಡಿಯೋ ಗೇಮನ್ನು ರಿಪೇರಿಗೆ ಕೊಟ್ಟು, ರಾಯಚೂರಿಗೆ ವರ್ಗವಾಗಿ ಹೊರಟುಹೋದರು. ವರ್ಷ ಕಳೆದರೂ ಯಾರೂ ಕೇಳಿಕೊಂಡು ಬರಲಿಲ್ಲ. ಸರಿಹೋಗಿದೆಯೋ ಇಲ್ಲವೋ ನೋಡೋಣ ಎಂದು ಸದಾಶಿವಯ್ಯ ಒಂದು ಭಾನುವಾರ ಅದನ್ನು ಮನೆಗೆ ತಂದರು. ಬಿಳಿ ಪ್ಲಾಸ್ಟಿಕ್ಕಿನ ಡಬ್ಬಿ, ಎರಡು ಜಾಯ್‌ಸ್ಟಿಕ್, ಹಳದಿ ಬಣ್ಣದ ಒಂದೇ ಒಂದು ಕ್ಯಾಸೆಟ್ಟು. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಸಿಕ್ಕಿಸಿದರೆ ಟಿ.ವಿ.ಯಲ್ಲಿ ಹಲವು ಆಟಗಳ ಪಟ್ಟಿ ಬರುತ್ತಿತ್ತು.

ಬಾತುಕೋಳಿ ಹೊಡೆಯುವುದು, ರಸ್ತೆಯಲ್ಲಿ ಬೈಕ್ ಓಡಿಸುವುದು ಯಾವುದೂ ಚೂಡಾಮಣಿಗೆ ಹಿಡಿಸಲಿಲ್ಲ. ಹಿಡಿಸಿದ್ದು ಟ್ಯಾಂಕಿನ ಆಟ. ಪರದೆಯ ಕೆಳಗಡೆ ಇಟ್ಟಿಗೆ ಗೋಡೆಯೊಳಗೆ ಒಂದು ಹದ್ದಿನ ಗುರುತು. ಮೇಲಿನಿಂದ ಶತ್ರುಗಳ ಟ್ಯಾಂಕು ಬರುತ್ತಲೇ ಇರುತ್ತವೆ. ಇಬ್ಬರು ಸೇರಿ ಆ ಹದ್ದನ್ನು ಕಾಯಬೇಕು. ಹದ್ದಿಗೆ ಒಂದು ಗುಂಡು ಬಿದ್ದರೂ ಆಟ ಮುಗಿಯಿತು. ಹಳದಿ ಟ್ಯಾಂಕು ಆಕೆಯದು, ಹಸಿರು ಇವರದು.

"ನೀವು ಮನೆ ನೋಡ್ಕೊಳಿ, ನಾನು ಮೇಲೆ ಹೋಗ್ತೀನಿ," ಎಂದು ಮೊದಲ ದಿನವೇ ಆಕೆ ಅಪ್ಪಣೆ ಮಾಡಿದರು. ಸದಾಶಿವಯ್ಯ ಹದ್ದಿನ ಪಕ್ಕ ಬಿಟ್ಟು ಅಲ್ಲಾಡಲಿಲ್ಲ. ಆದರೂ ಒಮ್ಮೊಮ್ಮೆ ಗಾಬರಿಯಾಗಿ ತಾವೇ ಹದ್ದಿಗೆ ಗುಂಡು ಹೊಡೆದುಬಿಡುತ್ತಿದ್ದರು.

"ಅಯ್ಯೋ, ನಮ್ಮನೇನೇ ಸುಟ್ಬುಟ್ರಲ್ರೀ!"

ಆ ಕೂಗು, ಆಮೇಲಿನ ನಗು ಗೋಡೆಯಾಚೆಯ ನಮಗೆಲ್ಲ ಕೇಳುತ್ತಿತ್ತು. ನಲವತ್ತರ ಹೆಂಗಸು ಮಕ್ಕಳಾಟ ಆಡುತ್ತಾಳೆ ಎಂದು ಬೀದಿಯಲ್ಲಿ ಮಾತಾಯಿತು. ಚೂಡಾಮಣಿ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆ ಏಳಕ್ಕೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ಚಾಪೆ ಹಾಸುತ್ತಿದ್ದರು. ಒಂದೇ ಸಲ ಕೂತು ಇಪ್ಪತ್ತೆರಡನೇ ಹಂತದವರೆಗೂ ಹೋದದ್ದುಂಟು. ನಡುವೆ ಕರೆಂಟು ಹೋದರೆ ಎಲ್ಲ ಅಳಿಸಿಹೋಗುತ್ತಿತ್ತು, ಮತ್ತೆ ಒಂದರಿಂದ.

ತೊಂಬತ್ತೆಂಟರ ಬೇಸಿಗೆಯಲ್ಲಿ ಹಳದಿ ಟ್ಯಾಂಕು ತಡಮಾಡತೊಡಗಿತು. ಶತ್ರು ಎದುರಿಗೇ ಬಂದರೂ ಗುಂಡು ಹಾರುತ್ತಿರಲಿಲ್ಲ.

"ಇದರ ಬಟನ್ ಸವೆದೋಗಿದೆ ಕಣ್ರೀ, ಒತ್ತಿದ್ರೆ ಹತ್ತಲ್ಲ," ಎಂದರು ಚೂಡಾಮಣಿ.

ಸದಾಶಿವಯ್ಯ ಜಾಯ್‌ಸ್ಟಿಕ್ ಬಿಚ್ಚಿ, ಬಟನ್ ಕೆಳಗಿನ ಕರಿ ರಬ್ಬರು ಬದಲಾಯಿಸಿದರು. ಎರಡು ವಾರದ ಮೇಲೆ ಮತ್ತೆ ಅದೇ ದೂರು. ಮತ್ತೆ ಬಿಚ್ಚಿ ಒರೆಸಿದರು, ತಂತಿಗೆ ಹೊಸದಾಗಿ ಬೆಸುಗೆ ಹಾಕಿದರು. ಕೊನೆಗೆ ತಮ್ಮ ಜಾಯ್‌ಸ್ಟಿಕ್ಕನ್ನು ಆಕೆಗೆ ಕೊಟ್ಟು ಆಕೆಯದನ್ನು ತಾವು ಹಿಡಿದರು. ಇವರ ಕೈಯಲ್ಲಿ ಅದು ಚೆನ್ನಾಗಿಯೇ ಹತ್ತುತ್ತಿತ್ತು. ಆಕೆಯ ಕೈಗೆ ಹೋದದ್ದು ಹತ್ತಲಿಲ್ಲ. ಸದಾಶಿವಯ್ಯ ಆಟ ನಿಲ್ಲಿಸಿ ಹೆಂಡತಿಯ ಬಲಗೈಯನ್ನು ತಿರುಗಿಸಿ ನೋಡಿದರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಕರಗಿ ಗುಳಿ ಬಿದ್ದಿತ್ತು.

"ಇದು ಯಾವಾಗಿಂದ?"

"ಉಗಾದಿಯಿಂದ. ಕತ್ತರೀನೂ ಹಿಡಿಯೋಕಾಗ್ತಿಲ್ಲ. ಹೇಳಿದ್ರೆ ಗಾಬರಿ ಬೀಳ್ತೀರ ಅಂತ ಸುಮ್ನಿದ್ದೆ."

ಮೈಸೂರಿನ ಡಾಕ್ಟರು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಒಂಬತ್ತು ದಿನ ಇಟ್ಟುಕೊಂಡರು. ಕೊನೆಯ ದಿನ ಡಾಕ್ಟರು ಸದಾಶಿವಯ್ಯನವರನ್ನು ಒಬ್ಬರನ್ನೇ ಕರೆದು ಹೇಳಿದರು: ಮಾಂಸಖಂಡಕ್ಕೆ ಹೋಗುವ ನರಗಳು ಸಾಯುತ್ತಿವೆ. ಕೈಯಲ್ಲಿ ಶುರುವಾದದ್ದು ಕಾಲಿಗೆ, ನಾಲಿಗೆಗೆ, ಕೊನೆಗೆ ಉಸಿರಿಗೆ ಬರುತ್ತದೆ. ಬುದ್ಧಿ, ಕಣ್ಣು, ಕಿವಿ ಹಾಗೇ ಇರುತ್ತವೆ. ಔಷಧಿ ಇಲ್ಲ.

"ಎಷ್ಟು ವರ್ಷ ಸಾರ್?"

"ಎರಡು. ಹೆಚ್ಚೆಂದರೆ ಮೂರು."

ವಾಪಸು ಬರುವ ಬಸ್ಸಿನಲ್ಲಿ ಚೂಡಾಮಣಿ ಕೇಳಿದರು, "ಏನಂದ್ರು?"

"ನರ ವೀಕಾಗಿದೆಯಂತೆ. ನಿಧಾನವಾಗಿ ಸರಿಹೋಗುತ್ತಂತೆ."

"ಸುಳ್ಳು ಹೇಳೋಕೆ ಬರಲ್ಲ ನಿಮಗೆ. ಬುಡಿ," ಎಂದು ಆಕೆ ಕಿಟಕಿಯ ಕಡೆ ತಿರುಗಿದರು. ಆಮೇಲೆ ಆ ಪ್ರಶ್ನೆಯನ್ನು ಎಂದೂ ಕೇಳಲಿಲ್ಲ.

ಬಂದ ಹೊಲಿಗೆಯನ್ನೆಲ್ಲ ವಾಪಸು ಕಳಿಸಿದ್ದಾಯಿತು. ಆಟವನ್ನು ಮಾತ್ರ ಬಿಡಲಿಲ್ಲ. ಸದಾಶಿವಯ್ಯ ಮೃದುವಾದ ರಬ್ಬರು ಹಾಕಿದರು. ಅದೂ ಒತ್ತಲಾಗದಾಗ ಗುಂಡಿನ ಬಟನ್ನಿಗೆ ಬದಲು ಅಂಗೈ ಅಗಲದ ತಗಡಿನ ಸ್ವಿಚ್ಚು ಮಾಡಿದರು, ಕೈ ಸುಮ್ಮನೆ ಮೇಲೆ ಬಿದ್ದರೂ ಹತ್ತುವಂಥದ್ದು. ಈಗ ಎರಡೂ ಟ್ಯಾಂಕನ್ನು ಓಡಿಸುವುದು ಇವರ ಕೆಲಸ, ಹಳದಿ ಟ್ಯಾಂಕಿನ ಗುಂಡು ಆಕೆಯದು. ಆ ಸ್ವಿಚ್ಚು ನಾಲ್ಕು ತಿಂಗಳು ನಡೆಯಿತು. ಕೈ ಪೂರ್ತಿ ಬಿದ್ದುಹೋದ ಮೇಲೆ ಕಾಲಿಗೊಂದು ಮಾಡಿದರು. ಅದು ಎರಡು ತಿಂಗಳು.

"ಪ್ರತಿ ಸಲ ಹೊಸದು ಮಾಡ್ಕೊಂಡು ಬಂದಾಗ, ಇದೊಂದು ಉಳ್ಕೊಳ್ಳುತ್ತೆ ಅನ್ಸೋದು ಸಾರ್," ಎಂದು ಎಷ್ಟೋ ಕಾಲದ ಮೇಲೆ ನನಗೆ ಹೇಳಿದರು. "ಅವಳ ಕಾಯಿಲೆಗೂ ನನಗೂ ಪಂದ್ಯ ನಡೀತಿದೆ, ನಾನು ಒಂದು ಹೆಜ್ಜೆ ಮುಂದಿದ್ರೆ ಸಾಕು ಅನ್ಕೊಂಡಿದ್ದೆ."

ಆ ಹೊತ್ತಿಗೆ ಅವರ ಅಕ್ಕ ಬಸಮ್ಮ ರಾಮಕೃಷ್ಣನಗರದಿಂದ ದಿನಾ ಬರತೊಡಗಿದ್ದರು. ವಿಧವೆ, ಗಟ್ಟಿ ಜೀವ. ಗಂಡನ ಅಕ್ಕ ಎಂಬ ಬಿಂಕವಿಲ್ಲದೆ ಚೂಡಾಮಣಿಗೆ ಸ್ನಾನ ಮಾಡಿಸಿ, ಗಂಜಿ ಕುಡಿಸಿ, ಮಗ್ಗುಲು ಬದಲಾಯಿಸುತ್ತಿದ್ದರು. ಟಿ.ವಿ. ಹಚ್ಚಿದರೆ ಮಾತ್ರ ಗೊಣಗುತ್ತಿದ್ದರು. "ಇವನಿಗೆ ಬುದ್ಧಿ ಎಲ್ಲೋಗಿದೆಯೋ!"

ಎರಡು ಸಾವಿರದ ಇಸವಿಯ ಕೊನೆಗೆ ಚೂಡಾಮಣಿಯ ಮಾತೂ ನಿಂತಿತು. ಅದಕ್ಕೂ ಸದಾಶಿವಯ್ಯ ದಾರಿ ಹುಡುಕಿದರು. ದಿಂಬಿಗೆ ಒರಗಿಸಿ, ತಲೆ ಜಾರದಂತೆ ಪಕ್ಕಕ್ಕೆ ಬಟ್ಟೆಯ ಸುರುಳಿ ಇಟ್ಟು, ಟಿ.ವಿ.ಯ ಪಕ್ಕದಲ್ಲೇ ಆಕೆಗೆ ಎದುರಾಗಿ ಕೂರುತ್ತಿದ್ದರು. ಆಕೆ ಕಣ್ಣನ್ನು ಎತ್ತ ಹೊರಳಿಸಿದರೆ ಹಳದಿ ಟ್ಯಾಂಕನ್ನು ಅತ್ತ ಒಯ್ಯುವುದು. ರೆಪ್ಪೆ ಬಡಿದರೆ ಗುಂಡು. ಆಕೆಯ ಕಣ್ಣು ನೋಡಿ, ಪರದೆ ನೋಡಿ, ಬಟನ್ ಒತ್ತುವಷ್ಟರಲ್ಲಿ ಟ್ಯಾಂಕು ಸಿಡಿದಿರುತ್ತಿತ್ತು. ಮೊದಲ ಹಂತವನ್ನೇ ದಾಟಲಾಗುತ್ತಿರಲಿಲ್ಲ. ಮತ್ತೆ ಒಂದರಿಂದ.

ಒಂದು ಸಂಜೆ ಆಟ ಶುರುವಾದ ಕೂಡಲೇ ಚೂಡಾಮಣಿ ಕಣ್ಣು ಮುಚ್ಚಿದರು. ಗುಂಡು ಹಾರಿಸು ಎಂದಿರಬೇಕೆಂದು ಇವರು ಬಟನ್ ಒತ್ತಿದರು. ಕಣ್ಣು ತೆರೆಯಲಿಲ್ಲ.

"ಸುಸ್ತಾಯ್ತಾ? ಇನ್ನೊಂದೇ ಒಂದು ಸಲ ಮಣಿ. ಇವತ್ತು ಎರಡನೇ ಹಂತಕ್ಕೆ ಹೋಗೇ ಹೋಗ್ತೀವಿ ನೋಡು."

ಆಕೆ ಕಣ್ಣು ತೆರೆದರು. ಪರದೆಯನ್ನು ನೋಡಲಿಲ್ಲ, ಗಂಡನ ಮುಖವನ್ನೇ ನೋಡಿದರು. ನೀರು ಇಳಿಯತೊಡಗಿತು. ಒರೆಸಿಕೊಳ್ಳಲು ಕೈಯಿಲ್ಲ. ಮತ್ತೆ ಕಣ್ಣು ಮುಚ್ಚಿಕೊಂಡರು.

ಅಡುಗೆಮನೆಯಿಂದ ಬಂದ ಬಸಮ್ಮ ಸೆರಗಿನಿಂದ ಆಕೆಯ ಕೆನ್ನೆ ಒರೆಸಿದರು. "ಯಾರಿಗೋಸ್ಕರ ಆಡಿಸ್ತಿದೀಯೋ ಸದಾಶಿವ? ಅವಳಿಗೆ ಬೇಡವಾಗಿ ಎಷ್ಟು ದಿನ ಆಯ್ತೋ. ನೀನು ಟಿ.ವಿ. ಹಚ್ಚಿದ್ರೆ ಸಾಕು, ಅವಳ ಮುಖ ಬಾಡೋಗುತ್ತೆ. ನಿನಗೆ ಕಾಣಲ್ವ?"

ಕಂಡಿರಲಿಲ್ಲ. ಎಡಕ್ಕೋ ಬಲಕ್ಕೋ ಎಂದು ದಿನವೂ ಗಂಟೆಗಟ್ಟಲೆ ಆ ಕಣ್ಣುಗಳನ್ನೇ ನೋಡುತ್ತಿದ್ದವರಿಗೆ ಬೇರೇನೂ ಕಂಡಿರಲಿಲ್ಲ. ಸದಾಶಿವಯ್ಯ ಎದ್ದು ಟಿ.ವಿ. ಆರಿಸಿದರು. "ಬೇಡವಾಗಿತ್ತಾ ಮಣಿ?" ಎಂದು ಕೇಳಿದರು. ಆಕೆ ಒಮ್ಮೆ ರೆಪ್ಪೆ ಬಡಿದರು.

ಆಮೇಲೆ ಸಂಜೆಯ ಹೊತ್ತು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಹೆಂಡತಿಯ ಪಕ್ಕ ಸುಮ್ಮನೆ ಕೂರುತ್ತಿದ್ದರು. ಗಿರಣಿಗೆ ಬಂದವರ ಸುದ್ದಿ ಹೇಳಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸುತ್ತಿದ್ದರು.

ಮರುವರ್ಷ ಆಷಾಢದಲ್ಲಿ, ಬೆಳಗಿನ ಹನ್ನೊಂದು ಗಂಟೆಗೆ ಚೂಡಾಮಣಿ ತೀರಿಕೊಂಡರು. ಸದಾಶಿವಯ್ಯ ಅಂಗಡಿಯಲ್ಲಿ ಯಾರದೋ ಟಿ.ವಿ.ಯ ಹಿಂಬದಿ ಬಿಚ್ಚಿಕೊಂಡು ಕೂತಿದ್ದರು. ಗಿರಣಿಗೆ ಫೋನು ಮಾಡಿದವನು ನಾನೇ. ಬಂದ ಸದಾಶಿವಯ್ಯ ಅಳಲಿಲ್ಲ. ಸಮಾಧಿ ಮುಗಿಸಿ ಬಂದ ಮೇಲೆ, "ಉಸಿರಿಗೊಂದು ಏನಾದ್ರೂ ಮಾಡ್ಬೋದಿತ್ತೇನೋ," ಎಂದರು. ಮಾಡಬಹುದಾದದ್ದು ಏನೂ ಇರಲಿಲ್ಲವೆಂದು ಅವರಿಗೂ ಗೊತ್ತಿತ್ತು.

ವಿಡಿಯೋ ಗೇಮನ್ನು ಅಂಗಡಿಗೆ ಒಯ್ದು ಬಿಡಿಭಾಗಗಳಿಗೆಂದು ಬಿಚ್ಚಿಹಾಕಿದರು. ಆ ಹೊತ್ತಿಗೆ ಮಕ್ಕಳೆಲ್ಲ ಕಂಪ್ಯೂಟರ್ ಸೆಂಟರಿಗೆ ಹೋಗಿ ಆಡುತ್ತಿದ್ದರು, ಆ ಬಿಡಿಭಾಗ ಕೇಳುವವರೂ ಇರಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಮಧುಶ್ರೀ ಎಂಬ ಹುಡುಗಿ ಅಂಗಡಿಗೆ ಬಂದಳು. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವಳು. ತಂದೆ ಮಹದೇವಪ್ಪನವರಿಗೆ ಅದೇ ಕಾಯಿಲೆ. ಕರೆಯಲು ಬಾಯಿ ಬರುತ್ತಿಲ್ಲ, ಕಾಲಿಂಗ್ ಬೆಲ್ ಒತ್ತಲು ಬೆರಳಿನಲ್ಲಿ ಬಲವಿಲ್ಲ. ನೀವು ಅಂಥದ್ದೊಂದು ಸ್ವಿಚ್ಚು ಮಾಡುತ್ತಿದ್ದಿರಂತೆ ಎಂದಳು. ಬಸಮ್ಮ ಇದ್ದದ್ದು ಅವಳ ಬೀದಿಯಲ್ಲೇ, ಅವರೇ ಹೇಳಿ ಕಳಿಸಿದ್ದರು.

ಸದಾಶಿವಯ್ಯ ಮಾಡಿಕೊಟ್ಟರು. "ಇದು ಎಷ್ಟು ದಿನ ಬರುತ್ತೆ ಅಂಕಲ್?" ಎಂದು ಅವಳು ಕೇಳಿದಾಗ ಅವರಿಗೆ ಲೆಕ್ಕ ಗೊತ್ತಿತ್ತು. "ಬರುತ್ತೆ ಕಣಮ್ಮ. ತೊಂದರೆ ಆದ್ರೆ ತಗೊಂಡ್ಬಾ," ಎಂದರು.

ನಾಲ್ಕು ತಿಂಗಳಿಗೆ ತಂದಳು. "ಕೆಟ್ಟೋಗಿದೆ ಅಂಕಲ್, ಹತ್ತಲ್ಲ." ಕೆಟ್ಟಿರಲಿಲ್ಲ. ಅವರು ಅದನ್ನು ಹೇಳಲಿಲ್ಲ. ಅವಳ ಎದುರಿಗೆ ಬಿಚ್ಚಿ, ಒರೆಸಿ, ತಗಡನ್ನು ಇನ್ನಷ್ಟು ಸಡಿಲ ಮಾಡಿ, "ದೂಳು ಕೂತಿತ್ತು" ಎಂದು ಹೇಳಿ ಕೊಟ್ಟರು.

ಮೂರನೆಯ ಸಲ ಅವಳು ಬಂದಾಗ ಬಿಳಿ ಚೂಡಿದಾರ್ ಹಾಕಿಕೊಂಡಿದ್ದಳು. ಸ್ವಿಚ್ಚನ್ನು ಕಾಗದದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟಳು.

"ಇಟ್ಕೊಳಿ ಅಂಕಲ್. ಇನ್ಯಾರಿಗಾದ್ರೂ ಬೇಕಾಗ್ಬೋದು."

ಸದಾಶಿವಯ್ಯ ಸ್ಟೂಲು ಎಳೆದು ಅವಳನ್ನು ಕೂರಿಸಿ, ಎದುರಿನ ಹೋಟೆಲಿಗೆ ಎರಡು ಟೀ ಎಂದು ಕೈಸನ್ನೆ ಮಾಡಿದರು. ಪಕ್ಕದಲ್ಲಿ ಗಿರಣಿ ಓಡುತ್ತಿತ್ತು. ಟೀ ಕುಡಿದು, ಲೋಟ ಕೆಳಗಿಟ್ಟು, ಅವಳು ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದಳು.