ಬಿಸಿಲಿಗೆ ಕೊಟ್ಟ ನೆರಳಿನ ಗಿಡ

ಹದಿನೆಂಟು ವರ್ಷದಿಂದ ಗಿಡಗಳ ನರ್ಸರಿಯಲ್ಲಿ ದುಡಿಯುತ್ತಿದ್ದ ಅವಳನ್ನು ಎಲ್ಲರೂ ಗಿಡದಕ್ಕ ಎಂದೇ ಕರೆಯುತ್ತಿದ್ದರು. ಎಲೆಯ ತುದಿ ನೋಡಿದರೆ ಸಾಕು, ನೀರು ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳಿಬಿಡುವಳು.

ಒಂದು ಮಧ್ಯಾಹ್ನ ನಿವೃತ್ತ ಬಸ್ ಡ್ರೈವರೊಬ್ಬರು ಬಂದರು. ಅವರ ಹೆಂಡತಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು.

“ಮಲಗಿದ್ದಲ್ಲಿಂದ ಅವಳಿಗೆ ಕಾಣೋದು ಬಾಲ್ಕನಿ ಒಂದೇ. ಅಲ್ಲಿಗೊಂದು ದೊಡ್ಡ ಗಿಡ ಬೇಕಮ್ಮ, ಕಣ್ತುಂಬ ಇರಬೇಕು. ಆದ್ರೆ ನನ್ನ ಕೈಲಿ ಚಾಕರಿ ಮಾಡಿಸ್ಕೋಬಾರದು. ಅಡುಗೆ, ಬಟ್ಟೆ, ಔಷಧಿ, ಎಲ್ಲಾ ನಾನೇ.”

“ಬಿಸಿಲು ಬರುತ್ತಾ?”

“ಬೆಳಗ್ಗೆಯಿಂದ ಸಂಜೆವರೆಗೂ ಸುಡುತ್ತೆ.”

ಕತ್ತಾಳೆಯನ್ನೋ ಕಾಗದದ ಹೂವಿನ ಗಿಡವನ್ನೋ ಕೊಡಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವು ಹಿಂದಿನ ಸಾಲಿನ ಕೊನೆಯಲ್ಲಿದ್ದವು. ಅವಳ ಕಾಲು ನೋಯುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಪಕ್ಕದಲ್ಲೇ ದೊಡ್ಡದೊಂದು ಫರ್ನ್ ಗಿಡ ನಿಂತಿತ್ತು. ನೆರಳೇ ಬೇಕು, ದಿನಕ್ಕೆರಡು ಸಲ ನೀರು ಬೇಕು ಎನ್ನುವ ಜಂಬದ ಗಿಡ. ಅದರ ಉಪಚಾರ ಮಾಡಿ ಅವಳಿಗೂ ಸಾಕಾಗಿತ್ತು.

“ಇದನ್ನ ತಗೊಂಡ್ಹೋಗಿ ಅಣ್ಣಾ. ಇಟ್ಟು ಮರೆತುಬಿಡಿ, ತಾನೇ ಬೆಳೆಯುತ್ತೆ.”

ತಿಂಗಳಾದ ಮೇಲೆ ಅವರು ಸುಟ್ಟು ಕರಕಲಾದ ಗಿಡವನ್ನು ಹೊತ್ತು ತಂದರು. ಅವಳು ಒಳಗೊಳಗೇ ಜಗಳಕ್ಕೆ ಸಜ್ಜಾದಳು. ಅವರು ತಲೆ ತಗ್ಗಿಸಿ ನಿಂತರು.

“ಕ್ಷಮಿಸಮ್ಮ, ಸಾಯಿಸಿಬಿಟ್ಟೆ. ಅಷ್ಟು ಸುಲಭದ್ದು ಕೊಟ್ಟಿದ್ದೆ ನೀನು. ಒಂದು ಗಿಡ ಉಳಿಸೋಕಾಗದವನು ಅವಳನ್ನ ಹೇಗೆ ನೋಡ್ಕೊಳ್ಳಲಿ ಅಂತ ಹೆದರಿಕೆ ಆಗ್ಬಿಟ್ಟಿದೆ.”

ಅವಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಎನಿಸಿತು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು.

“ನೀವಲ್ಲ ಅಣ್ಣಾ, ಸಾಯಿಸಿದ್ದು ನಾನು. ಅದು ಬಿಸಿಲಿನ ಗಿಡವೇ ಅಲ್ಲ. ಗೊತ್ತಿದ್ದೂ ಕೊಟ್ಟೆ. ಹಿಂದಿನ ಸಾಲಿನವರೆಗೂ ನಡೆಯೋಕೆ ಸೋಮಾರಿತನ.”

ಅವರು ಗಿಡವನ್ನೇ ನೋಡುತ್ತಾ, “ಇದು ಬಾಡೋಕೆ ಶುರುವಾದಾಗಿಂದ ಸರಿಯಾಗಿ ನಿದ್ದೆ ಮಾಡಿಲ್ಲ ತಾಯಿ,” ಎಂದರು, ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಅದೇ ಸಂಜೆ ಅವಳು ಎಲೆಯಂಚಿಗೆ ಹಳದಿ ಪಟ್ಟಿಯಿದ್ದ ಸೊಂಟದೆತ್ತರದ ಕತ್ತಾಳೆಯನ್ನು ಅವರ ಮನೆಗೆ ತಂದು ಬಾಲ್ಕನಿಯಲ್ಲಿಟ್ಟಳು.

“ಹತ್ತು ದಿನಕ್ಕೊಂದು ಚೊಂಬು ನೀರು ಹಾಕಿದ್ರೆ ಸಾಕು,” ಎಂದಳು.

ಹಾಸಿಗೆಯಿಂದ ಡ್ರೈವರರ ಹೆಂಡತಿ ನಕ್ಕರು. “ಹೋದ ಸಲಾನೂ ಯಾರೋ ಹೀಗೇ ಹೇಳಿದ್ರಂತೆ.”

ಗಂಡ ಆಕೆಗೆ ನಿಜ ಹೇಳಿಲ್ಲವೆಂದು ಅವಳಿಗೆ ಆಗ ತಿಳಿಯಿತು. “ಹೇಳಿದ್ದು ನಾನೇ,” ಎಂದಳು.

ಆಕೆಯ ನಗು ನಿಂತಿತು. “ಹಾಗಿದ್ರೆ ತಿಂಗಳಿಗೊಮ್ಮೆ ನೀನೇ ಬಂದು ನೋಡ್ಬೇಕು.”

ಅವಳು ತಪ್ಪದೆ ಹೋದಳು. ಕತ್ತಾಳೆಗೆ ಅವಳ ಹಂಗೇ ಇರಲಿಲ್ಲ, ಸೊಂಪಾಗಿ ಬೆಳೆಯಿತು. ಕೆಲವು ತಿಂಗಳಲ್ಲಿ ಡ್ರೈವರರ ಹೆಂಡತಿಯೂ ಕೋಲು ಹಿಡಿದು ಅದರ ಹತ್ತಿರದವರೆಗೆ ನಡೆದರು. ಆದರೆ ಬಾಗಿಲು ತೆರೆದು “ಬಾಮ್ಮ” ಎನ್ನುವ ಡ್ರೈವರರ ಮುಖವನ್ನು ನೇರವಾಗಿ ನೋಡಲು ಗಿಡದಕ್ಕನಿಗೆ ವರ್ಷವೇ ಹಿಡಿಯಿತು.