ಕಸ್ತೂರಕ್ಕ ಒಬ್ಬಳೇ ಮಾಡಿದ ಕೆಲಸ

ಮನುಷ್ಯ ಮೂಲತಃ ಒಂಟಿ ಎಂದು ದೊಡ್ಡ ದೊಡ್ಡ ಗ್ರಂಥಗಳಲ್ಲಿ ಬರೆದಿದ್ದಾರೆ. ಬರೆದವರು ಯಾರೂ ನೇಕಾರರ ಮನೆಯಲ್ಲಿ ಹುಟ್ಟಿದವರಲ್ಲ. ಮೊನ್ನೆ ಅಂಗಡಿಯೊಂದರಲ್ಲಿ ಕೈಮಗ್ಗದ ಸೀರೆಯ ಮಡಿಕೆ ಬಿಚ್ಚಿದಾಗ ಗಂಜಿಯ ಹುಳಿವಾಸನೆ ಮೂಗಿಗೆ ಬಡಿಯಿತು. ಅಂಗಡಿಯವನು ಬಣ್ಣದ ವರ್ಣನೆ ಮಾಡುತ್ತಲೇ ಇದ್ದ. ನಾನು ಆಗಲೇ ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತಿದ್ದೆ. ಎರಡು ಕುಣಿಮಗ್ಗ, ಹನ್ನೊಂದು ಜನ. ಅಪ್ಪ ಮತ್ತು ಕಾಕಾ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವರು. ಅವ್ವ, ಚಿಗವ್ವ ಎದುರುಬದುರು ಕುಳಿತು ಮಗ್ಗದ ಉದ್ದಕ್ಕೆ ಬಿಗಿಯುವ ಹಳೆಯ ಹಾಸಿನ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಜೋಡಿಸುವರು. ಆಯಿ, ಅಂದರೆ ಅಪ್ಪನ ತಾಯಿ, ರಾಟಿಯ ಮುಂದೆ ಕುಳಿತು ಲಾಳಿಯಲ್ಲಿ ಕೂರುವ ಕಂಡಿಕೆಗೆ ನೂಲು ಸುತ್ತುವಳು. ಮಕ್ಕಳಾದ ನಾವು ಎಲ್ಲರಿಗೂ ಅಡ್ಡ ಬರುವೆವು. ಅದೂ ಒಂದು ಕೆಲಸವೇ. ಒಂದು ಸೀರೆಯಲ್ಲಿ ಯಾರ ಕೈ ಎಲ್ಲಿ ಮುಗಿದು ಯಾರದು ಎಲ್ಲಿ ಶುರುವಾಯಿತೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಜ್ವರ ಕೂಡ ಒಬ್ಬರಿಗೇ ಎಂದು ಬರುತ್ತಿರಲಿಲ್ಲ.

ಅಂಥ ಮನೆಗೆ 'ಅಲೋನ್' ಎಂಬ ಶಬ್ದವನ್ನು ತಂದವಳು ನನ್ನ ಅಕ್ಕ ಕಸ್ತೂರಿ. ಆಗ ನಮ್ಮೂರು ಮುಂಬಯಿ ರಾಜ್ಯದಲ್ಲಿತ್ತು. ಇಂಗ್ಲಿಷು ಎಂಟನೆಯ ಇಯತ್ತೆಗೆ ಶುರುವಾಗುತ್ತಿತ್ತು. ಅಲ್ಲಿಯವರೆಗೆ ನಮ್ಮ ಮನೆಯ ಯಾವ ಹೆಣ್ಣೂ ಹೋಗಿರಲಿಲ್ಲ. ಅಪ್ಪ ಒಪ್ಪಿಕೊಂಡಿದ್ದು ಒಂದೇ ಕರಾರಿನ ಮೇಲೆ. "ಇಂಗ್ಲೀಷಿನ್ಯಾಗ ಪಾಸಾದ್ರ ಮುಂದ ಕಲಿ. ನಪಾಸಾದ್ರ ಸಾಲಿ ಸಾಕು. ಆತಿಲ್ಲೋ?" ಅಕ್ಕ ಆತು ಅಂದಳು. ಇಂಗ್ಲಿಷ್ ಮಾಸ್ತರರು ವಾರ್ಷಿಕ ಪರೀಕ್ಷೆಯ ನಿಬಂಧವನ್ನು ಮೊದಲೇ ಹೇಳಿಬಿಡುತ್ತಿದ್ದ ದಯಾಳುಗಳು; ಆದರೂ ಅರ್ಧ ಮಂದಿ ನಪಾಸಾಗುತ್ತಿದ್ದರು. ಆ ವರ್ಷದ ನಿಬಂಧ: ಯಾರ ಸಹಾಯವೂ ಇಲ್ಲದೆ ನಾನೇ ಮಾಡಿದ ಒಂದು ಕೆಲಸ. ಅಲೋನ್, ಬೈ ಮೈಸೆಲ್ಫ್, ವಿದೌಟ್ ಹೆಲ್ಪ್, ಈ ಮೂರೂ ಅದರಲ್ಲಿ ಬರಬೇಕು.

ಅಕ್ಕ ಹದಿನಾಲ್ಕು ವರ್ಷದ ತನ್ನ ಬಾಳನ್ನೆಲ್ಲ ಜಾಲಾಡಿದಳು. ಅಂಥದೊಂದು ಕೆಲಸ ಸಿಗಲಿಲ್ಲ. ಸರಿ, ಈಗಲಾದರೂ ಮಾಡಿದರಾಯಿತೆಂದು ನೀರಿಗೆ ಹೋದಳು. ತುಂಬಿದ ಕೊಡಕ್ಕೆ ಮಗ್ಗುಲ ಮನೆಯವಳು ಕೈ ಹಚ್ಚಿದಳು. ಜೋಳ ಬೀಸಲು ಕೂತಳು. ಬೀಸುಕಲ್ಲಿನ ಗೂಟಕ್ಕೆ ಎದುರಿನಿಂದ ಆಯಿಯ ಕೈ ಬಂತು. ರೊಟ್ಟಿ ಬಡಿದು ಮಾಸ್ತರರ ಮುಂದೆ ಹೇಳಿದರೆ ಅವರು ಕನ್ನಡಕ ಏರಿಸಿ, "ಒಲಿ ಯಾರು ಹಚ್ಚಿದ್ರು?" ಎಂದು ಕೇಳಿದರು. ಅವ್ವ ಹಚ್ಚಿದ್ದಳು.

"ಏನರ ಒಂದು ಸುಳ್ಳ ಬರದ ಬಿಡಬೇ," ಅಂದ ಕಾಕಾ.

"ಸುಳ್ಳ ಬರಿಯುವಷ್ಟು ಇಂಗ್ಲೀಷ್ ನನಗ ಬರಂಗಿಲ್ಲ ಕಾಕಾ," ಎಂದು ಹೇಳಿ ಅಕ್ಕ ಅತ್ತಳು.

ಆಕೆ ಅಳುವಾಗ ಮನೆಯವರೆಲ್ಲ ಸಹಾಯಕ್ಕೆ ಬಂದರು. ಆಯಿಗಂತೂ ಬೇಡಿಕೆಯೇ ಅರ್ಥವಾಗಲಿಲ್ಲ. "ಒಬ್ಬಾಕಿನ ಯಾಕ ಮಾಡಬೇಕು? ನಾವೇನ ಸತ್ತೇವೇನು?" ಎಂದು ಸಿಟ್ಟಿಗೆದ್ದಳು. ಅಪ್ಪ ತನ್ನ ಮಗ್ಗದಿಂದ ಎದ್ದು, ಕಾಲಿನ ಧೂಳು ಝಾಡಿಸಿಕೊಂಡ. ಅರ್ಧ ನೇಯ್ದ ಸೀರೆ ಮಗ್ಗದ ಮೇಲಿತ್ತು. "ಒಂದ ಗೇಣು ನೇಯಿ. ನಡೀರಿ ಎಲ್ಲಾರೂ ಹೊರಗ," ಅಂದ. ಹೀಗೆ ಕಸ್ತೂರಕ್ಕ ಒಬ್ಬಳೇ ಇರುವಂತೆ ಮಾಡಲು ಹತ್ತು ಜನ ಸೇರಿ ಕಟ್ಟೆಯ ಮೇಲೆ ಕುಳಿತೆವು.

ಮಟಮಟ ಮಧ್ಯಾಹ್ನ. ಓಣಿಯಲ್ಲಿ ಹೋಗುತ್ತಿದ್ದವರೊಬ್ಬರು ನಮ್ಮನ್ನು ನೋಡಿ, ತಲೆಯ ರುಮಾಲಿಗೆ ಕೈ ಹಚ್ಚಿ, "ಯಾಕ್ರೀ, ಮನ್ಯಾಗ ಏನರ ಆಗೇತೇನು?" ಎಂದು ಮೆಲ್ಲಗೆ ಕೇಳಿದರು.

"ಏನೂ ಆಗಿಲ್ಲ," ಅಂದಳು ಆಯಿ. "ಹುಡುಗಿ ಇಂಗ್ಲೀಷ್ ಕಲ್ಯಾಕತ್ಯಾಳ."

ಒಳಗೆ ಮಗ್ಗದ ಸಪ್ಪಳ ತಡವರಿಸುತ್ತ ಸಾಗಿತ್ತು. ಇದ್ದಕ್ಕಿದ್ದಂತೆ ನಿಂತಿತು. "ಎಳಿ ಹರೀತು," ಅಂದ ಕಾಕಾ. ಹಾಸಿನ ಎಳೆ ಹರಿದರೆ ಇಬ್ಬರು ಬೇಕು: ಒಬ್ಬರು ಹಿಂದೆ ಎಳೆಯನ್ನು ಬಿಗಿ ಹಿಡಿಯಬೇಕು, ಇನ್ನೊಬ್ಬರು ಮುಂದೆ ಕೂತು ಅದನ್ನು ಬಾಚಣಿಕೆಯಂಥ ಹಣಿಗೆಯಲ್ಲಿ ತೂರಿಸಿ ಗಂಟು ಹಾಕಬೇಕು. ಅದು ಬನಹಟ್ಟಿಯ ಕೂಸುಗಳಿಗೂ ಗೊತ್ತು. ಆಯಿ ಎದ್ದಳು. ಅವ್ವ, ಎಂದೂ ಅತ್ತೆಯ ಎದುರು ಮಾತಾಡದವಳು, ಆಕೆಯ ಸೆರಗು ಹಿಡಿದು ಕೂರಿಸಿದಳು. "ಹೋಗಬ್ಯಾಡ್ರಿ ಅತ್ತಿ. ನಿಮ್ಮ ಕಾಲ ಬೀಳ್ತೇನಿ." ಆಯಿಯ ಬೆರಳುಗಳು ಮಡಿಲಲ್ಲಿ ತಾವೇ ಗಂಟು ಹಾಕುತ್ತಿದ್ದವು. ಅಪ್ಪ ಬಾಗಿಲಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ ಕುಳಿತಿದ್ದ. ಕೈ ಹಚ್ಚದೆ ಇರುವುದು ಇಷ್ಟು ದಣಿವಿನ ಕೆಲಸವೆಂದು ಆ ಮನೆಗೆ ಅಂದೇ ತಿಳಿದದ್ದು.

ಬಹಳ ಹೊತ್ತಿನ ಮೇಲೆ ಮಗ್ಗ ಮತ್ತೆ ಸಪ್ಪಳ ಮಾಡಿತು. ಹತ್ತೂ ಜನ ಒಮ್ಮೆಲೇ ಉಸಿರು ಬಿಟ್ಟೆವು; ಆಯಿ ಮೂಗು ಒರೆಸಿಕೊಂಡಳು. ಒಳಗೆ ಹೋಗಿ ನೋಡಿದರೆ, ಹರಿದ ಎಳೆಗೆ ಅಕ್ಕ ತನ್ನ ಮಸಿಯ ದೌತಿಯನ್ನು ಕಟ್ಟಿ ಹಿಂದೆ ಇಳಿಬಿಟ್ಟಿದ್ದಳು. ಅದರ ಭಾರಕ್ಕೆ ಎಳೆ ಬಿಗಿಯಾಗಿ ನಿಂತಿತ್ತು. ಕೆಳಗೆ ನೆಲದ ಮೇಲೆ ಮಸಿ, ಕೈಗೆ ಮಸಿ, ಗಲ್ಲಕ್ಕೆ ಮಸಿ. ಸೀರೆಗೆ ಒಂದು ಹನಿಯೂ ಬಿದ್ದಿರಲಿಲ್ಲ. ಅಪ್ಪ ಗಂಟಿನ ಮೇಲೆ ಬೆರಳಾಡಿಸಿ, "ಒಬ್ಬಾಕಿನ?" ಅಂದ. ಅಕ್ಕ ತಲೆಯಾಡಿಸಿದಳು.

ಈಗ ಆ ಓಣಿಯಲ್ಲಿ ಕೈಮಗ್ಗಗಳಿಲ್ಲ. ನಮ್ಮ ಮನೆ ಬೇರೆಯವರದಾಯಿತು, ಕುಣಿಗಳಿಗೆ ಮಣ್ಣು ತುಂಬಿ ಮೇಲೆ ಫರಸಿಕಲ್ಲು ಹಾಸಿದ್ದಾರೆ. ಅಂದು ಕಟ್ಟೆಯ ಮೇಲೆ ಕುಳಿತವರು ಒಬ್ಬೊಬ್ಬರಾಗಿ ಎದ್ದು ಹೋದರು, ಕಸ್ತೂರಕ್ಕನೂ ಹೋದಳು. ನನ್ನ ನೀರು, ನನ್ನ ರೊಟ್ಟಿ, ನನ್ನ ಜ್ವರ ಎಲ್ಲವನ್ನೂ ಈಗ ನಾನೊಬ್ಬಳೇ ನೋಡಿಕೊಳ್ಳುತ್ತೇನೆ. ಮಾಸ್ತರರು ಕನ್ನಡಕ ಏರಿಸಿ ಕೇಳಿದರೂ ತಪ್ಪು ಸಿಗಲಿಕ್ಕಿಲ್ಲ. ಒಮ್ಮೊಮ್ಮೆ ಯಾರಾದರೂ ಬಂದು ಕೆಲಸ ಕೆಡಿಸಬಾರದೇ ಎನಿಸುತ್ತದೆ.

ಅಕ್ಕ ಪರೀಕ್ಷೆಯಲ್ಲಿ ಆರು ವಾಕ್ಯ ಬರೆದಳು. ಕೊನೆಯದರ ಅರ್ಥವನ್ನು ಮನೆಗೆ ಬಂದು ನಮಗೆಲ್ಲ ಹೇಳಿದಳು: ನನ್ನ ಮನೆಯವರು ಹೊರಗೆ ಕೂತು ನನಗೆ ಸಹಾಯ ಮಾಡಲಿಲ್ಲ, ಅವರಿಗೆ ಅದು ಬಹಳ ಕಷ್ಟವಾಯಿತು. ಇಂಗ್ಲಿಷಿನಲ್ಲಿ ಆಕೆಗೆ ನೂರಕ್ಕೆ ನಲವತ್ತೊಂದು ಬಂದವು. ಜೂನಿನಲ್ಲಿ ಒಂಬತ್ತನೆಯ ಇಯತ್ತೆಗೆ ಹೋದಳು.