ನಾಲ್ಕನೇ ಪ್ಯಾರಾದ ಕೆಸರು

ಲೋಕಲ್ ರೈಲು ಮಾನ್‌ಖುರ್ದ್ ದಾಟಿ ಸೇತುವೆಗೆ ಬಂತೆಂದರೆ ಲೇಡೀಸ್ ಡಬ್ಬಿಯಲ್ಲಿ ದುಪಟ್ಟಾ, ಸೆರಗುಗಳೆಲ್ಲ ಒಟ್ಟಿಗೆ ಮೂಗಿಗೆ ಏರುತ್ತವೆ. ಇಳಿತದ ಹೊತ್ತಿನ ಖಾಡಿಯ, ಅಂದರೆ ಊರೊಳಗೆ ಚಾಚಿದ ಕಡಲ ಕವಲಿನ, ವಾಸನೆ ಅದು, ಕೊಳೆತ ಮೊಟ್ಟೆಗೆ ಉಪ್ಪು ಬೆರೆಸಿದ ಹಾಗೆ. ನಾನೊಬ್ಬಳು ಮೂಗು ಮುಚ್ಚುವುದಿಲ್ಲ. ಈ ಕೆಸರು ಸಮುದ್ರವೋ ನೆಲವೋ ಎಂದು ದೊಡ್ಡವರು ಒಂದಿಡೀ ಮಧ್ಯಾಹ್ನ ಚರ್ಚಿಸಿದ್ದನ್ನು ಬರೆದುಕೊಂಡವಳು ನಾನು. ಅಷ್ಟು ಪರಿಚಯವಾದ ಮೇಲೆ ಮೂಗು ಮುಚ್ಚುವುದು ಚೆನ್ನಾಗಿರುವುದಿಲ್ಲ, ನೀವೇ ಹೇಳಿ.

ಆಗ ಫೋರ್ಟಿನಲ್ಲಿ ನನಗೊಂದು ಗುತ್ತಿಗೆ ನೌಕರಿ. ಸಂಶೋಧನೆಗೆ ಸರ್ಕಾರದ ಹಣ ಹಂಚುವ ಮೂರು ಸಂಸ್ಥೆಗಳನ್ನು ಒಂದೇ ಮೇಜಿಗೆ ಕೂರಿಸುವ ಸಮನ್ವಯ ಕಚೇರಿ. ಸಂಸ್ಥೆಗಳ ಹೆಸರು ಬೇಡ. ಸಮುದ್ರದವರು, ನೆಲದವರು, ಜೀವಿಗಳವರು ಎಂದುಕೊಳ್ಳಿ. ರಾಷ್ಟ್ರೀಯ ವಿಜ್ಞಾನ ನೀತಿಯ ಕರಡಿನಲ್ಲಿ ‘ಸಂಸ್ಥೆಗಳು ಪರಸ್ಪರ ಸಹಕರಿಸತಕ್ಕದ್ದು’ ಎಂದು ಯಾರೋ ಬರೆದದ್ದರಿಂದ ನಮ್ಮ ಕಚೇರಿ ಹುಟ್ಟಿತ್ತು. ಸಹಕಾರ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಬ್ಬರು ತಿರಸ್ಕರಿಸಿದ ಅರ್ಜಿಯನ್ನು ಉಳಿದಿಬ್ಬರೂ ಗೌರವದಿಂದ ತಿರಸ್ಕರಿಸುತ್ತಿದ್ದರು.

ನನ್ನ ಕೆಲಸ ಸಭೆಯ ಮಿನಿಟ್ಸ್ ಬರೆಯುವುದು, ಇಂಗ್ಲಿಷಿನಲ್ಲಿ. ಎಂ.ಎಸ್ಸಿ. ಮಾಡಿದವಳಿಗೆ ಇದೆಂಥ ಕೆಲಸ ಎಂದು ಘಾಟ್ಕೋಪರಿನ ಮನೆಯಲ್ಲಿ ಅಮ್ಮ ಗೊಣಗುತ್ತಿದ್ದಳು. ನನಗೆ ಹಿಡಿಸಿತ್ತು, ಬಾಯಿ ತೆರೆಯಬೇಕಿರಲಿಲ್ಲ. ಜಗಳವಾದರೆ ‘ವಿಸ್ತೃತ ಚರ್ಚೆ ನಡೆಯಿತು’. ಯಾರಾದರೂ ಸಿಟ್ಟಿನಿಂದ ಎದ್ದು ಹೋದರೆ ‘ಪೂರ್ವನಿಗದಿತ ಕಾರ್ಯಕ್ರಮದ ಕಾರಣ ನಿರ್ಗಮಿಸಿದರು’. ಯಾರೋ ನಿದ್ದೆ ಮಾಡಿದ ದಿನ ‘ಸದಸ್ಯರು ಆಲಿಸಿದರು’ ಎಂದು ಬರೆದೆ. ಅದಕ್ಕೆ ಈಗಲೂ ಸ್ವಲ್ಪ ಹೆಮ್ಮೆಯಿದೆ.

ಅಧ್ಯಕ್ಷರು ಮೈಸೂರಿನ ಶ್ರೀಕಂಠ ರಾಯರು, ನಿವೃತ್ತ ಭೌತವಿಜ್ಞಾನಿ. ಸಭೆಯಲ್ಲಿ ಇಂಗ್ಲಿಷ್, ಬೇಸರವಾದಾಗ ಮಾತ್ರ ಕನ್ನಡ. ಅದು ಅರ್ಥವಾಗುತ್ತಿದ್ದದ್ದು ಪಕ್ಕದಲ್ಲಿ ಕೂತ ನನಗೊಬ್ಬಳಿಗೆ. “ಏನಮ್ಮಾ, ಈ ಕಾಫಿ ಯಾವ ಸಂಸ್ಥೇದು? ಯಾರೂ ತಮ್ಮದು ಅಂತ ಒಪ್ಕೊಳ್ಳೋ ಹಾಗಿಲ್ವಲ್ಲ” ಎಂದು ಲೋಟ ದೂರ ತಳ್ಳುತ್ತಿದ್ದರು.

ಆ ಮಧ್ಯಾಹ್ನ ಬಂದವರು ನಂದಿನಿ ಪಠಾರೆ. ಎಂಟು ವರ್ಷದಿಂದ ಪ್ರತಿ ತಿಂಗಳು ಖಾಡಿಯ ಕೆಸರಿಗಿಳಿದು, ಅಲ್ಲಿ ಹೂತಿಟ್ಟ ಸರಳುಗಳ ಬಳಿ ಕೆಸರು ಎಷ್ಟು ಏರಿದೆ ಎಂದು ಅಳೆಯುತ್ತಿದ್ದ ಸಂಶೋಧಕಿ. ಕಡಲು ಏರುವಷ್ಟು ಬೇಗ ದಂಡೆಯೂ ಏರುತ್ತದೆಯೇ ಎಂಬುದು ಅವರ ಪ್ರಶ್ನೆ. ಆ ಮಾರ್ಚಿಗೆ ಹಣ ಮುಗಿಯುತ್ತಿತ್ತು. ಒಂದು ವರ್ಷ ಯಾರೂ ಹೋಗದಿದ್ದರೆ ಸರಳುಗಳು ಕಳ್ಳರ ಕೈಯಿಂದ ಗುಜರಿ ಸೇರುತ್ತವೆ, ಎಂಟು ವರ್ಷದ ಲೆಕ್ಕ ಅಲ್ಲಿಗೆ ಸತ್ತಂತೆ.

“ನೀರಿನಡಿ ಇರೋದು ಮಾತ್ರ ನಮ್ಮದು. ಇದು ಬೆಳಿಗ್ಗೆ ಹೊರಗಿರುತ್ತೆ” ಎಂದರು ಸಮುದ್ರದವರು.

“ಹೊರಗಿರೋದು ನಮ್ಮದೇ. ಆದರೆ ಸಂಜೆ ಮುಳುಗುತ್ತಲ್ಲ” ಎಂದರು ನೆಲದವರು.

ಜೀವಿಗಳವರು ಕೆಸರಿನಲ್ಲಿ ಹುಳು ಇದೆಯೇ ಎಂದು ವಿಚಾರಿಸಿದರು. ಬೇಕಾದಷ್ಟಿದೆ ಎಂದರು ಪಠಾರೆ.

“ಆದರೆ ನೀವು ಹುಳು ಎಣಿಸ್ತಿಲ್ಲ.”

“ಎಣಿಸಿದರೆ ಕೊಡ್ತೀರಾ?”

“ಹುಳುಗಳಿಗೆ ಬೇರೆ ಸ್ಕೀಮ್ ಇದೆ, ಮೇಡಂ. ಅದು ಈ ವರ್ಷಕ್ಕೆ ಮುಗೀತು.”

ಪಠಾರೆ ಕಾಗದಗಳನ್ನು ಜೋಡಿಸಿಕೊಂಡರು. “ಭರತೀ-ಓಹೋಟೀಲಾಚ್ ವಿಚಾರೂ ಕಾ, ಸಾಹೇಬ್?” ಎಂದರು. ಉಬ್ಬರವಿಳಿತವನ್ನೇ ಕೇಳಿಬಿಡಲೇ ಎಂದರ್ಥ. ಆಮೇಲೆ ದಾರಿಯನ್ನೂ ಅವರೇ ಸೂಚಿಸಿದರು: “ಮೂವರೂ ಮೂರರಲ್ಲೊಂದು ಪಾಲು ಹಾಕಿ. ಅರ್ಧ ದಿನ ಅವರದ್ದು, ಅರ್ಧ ದಿನ ಇವರದ್ದು, ಹುಳು ನಿಮ್ಮದು.”

ಮತ್ತೆ ವಿಸ್ತೃತ ಚರ್ಚೆ. ನಾಲ್ಕೂವರೆಗೆ ರಾಯರು ಯಾರ ಮುಖವನ್ನೂ ನೋಡದೆ “ಆಯ್ತು” ಎಂದರು. ಸಭೆ ಎದ್ದಿತು.

ಆ ಪದದ ವಿಷಯ ನಿಮಗೆ ನಾನು ಹೇಳಬೇಕಿಲ್ಲ. ಊಟ ಆಯ್ತು ಎಂದರೆ ಮುಗಿಯಿತು. ನಾಳೆ ಬಾ ಎಂದದ್ದಕ್ಕೆ ಆಯ್ತು ಎಂದರೆ ಒಪ್ಪಿಗೆ. ನನಗೆ ಗಂಡು ಹುಡುಕುವುದು ಬೇಡ ಎಂದದ್ದಕ್ಕೆ ಅಮ್ಮ ಆಯ್ತು ಎಂದರೆ ಎರಡೂ ಅಲ್ಲ. ಮರುದಿನ ನಾಲ್ಕನೇ ಪ್ಯಾರಾದಲ್ಲಿ ನಾನು ಬರೆದೆ: ‘ವೆಚ್ಚವನ್ನು ಮೂರೂ ಸಂಸ್ಥೆಗಳು ಸಮನಾಗಿ ಭರಿಸುವ ಪ್ರಸ್ತಾವಕ್ಕೆ ಅಧ್ಯಕ್ಷರು ಸಮ್ಮತಿಸಿದರು.’ ಕೆಳಗೆ ಎಂದಿನ ಸಾಲು: ಏಳು ದಿನದೊಳಗೆ ಆಕ್ಷೇಪ ಬಾರದಿದ್ದರೆ ಒಪ್ಪಿಗೆಯೆಂದು ಭಾವಿಸಲಾಗುವುದು.

ಆ ವಾರವೆಲ್ಲ ಕಚೇರಿಗೆ ಬಂದ ಟಪಾಲನ್ನು ನಾನೇ ಮೊದಲು ತೆರೆದು ನೋಡಿದೆ. ಸಮುದ್ರದವರಿಂದ ಸದ್ದಿಲ್ಲ, ನೆಲದವರು ಓದಿರುತ್ತಾರೆ ಎಂದುಕೊಂಡಿರಬೇಕು. ನೆಲದವರು ಜೀವಿಗಳವರನ್ನು ನಂಬಿದ್ದರು. ನಾನು ಕಂಡ ಅತ್ಯುತ್ತಮ ಸಮನ್ವಯ ಅದೇ. ಆರನೇ ದಿನ ಮೈಸೂರಿನಿಂದ ರಾಯರ ಫೋನ್ ಬಂತು.

“ಮಿನಿಟ್ಸ್ ಓದ್ದೆ ಕಣಮ್ಮಾ. ನಾಲ್ಕನೇ ಪ್ಯಾರಾದಲ್ಲಿ ನಾನು ಒಪ್ಪಿದೆ ಅಂತ ಬರೆದಿದ್ದೀಯ.”

“ನೀವು ಆಯ್ತು ಅಂದ್ರಿ, ಸರ್.”

“ಅಂದ್ನಾ?”

“ಅಂದ್ರಿ.”

ಆ ಕಡೆ ಮೈಸೂರಿನ ಕಾಗೆಗಳ ನಡುವೆ ಹಾಳೆ ಮಗುಚುವ ಸದ್ದು ಕೇಳಿತು.

“ಅಂದಿದ್ರೆ ಆಯ್ತು ಬಿಡು” ಎಂದು ಇಟ್ಟುಬಿಟ್ಟರು. ಇದನ್ನೂ ಎರಡು ಥರ ಅರ್ಥ ಮಾಡಿಕೊಳ್ಳಬಹುದಿತ್ತು. ನಾನು ನನಗೆ ಬೇಕಾದ ಥರ ಮಾಡಿಕೊಂಡೆ.

ಹಣ ಬಂತು. ಪಠಾರೆ ಈಗಲೂ ತಿಂಗಳಿಗೊಮ್ಮೆ ಮೊಣಕಾಲುದ್ದ ಕೆಸರಿನಲ್ಲಿ ನಿಲ್ಲುತ್ತಾರೆ. ಒಂದು ತಿಂಗಳೂ ತಪ್ಪಿಲ್ಲ. ಮೂರು ಸಂಸ್ಥೆಗಳೂ ತಮ್ಮ ವಾರ್ಷಿಕ ವರದಿಗಳಲ್ಲಿ ಆ ಕೆಸರನ್ನು ಸಹಕಾರದ ಮಾದರಿ ಎಂದು ಕರೆದಿವೆ, ಪ್ರತಿಯೊಂದೂ ಕಲ್ಪನೆ ತನ್ನದೆಂದು. ಹೋದ ವಾರ ನನಗೇ ಪತ್ರ ಬಂದಿದೆ: ಹೊಸ ಅಧಿಕಾರಿಗಳಿಗೆ ‘ಒಮ್ಮತ ಮೂಡಿದ ಬಗೆ’ ಕುರಿತು ಒಂದು ಗಂಟೆ ಮಾತಾಡಬೇಕಂತೆ.

ಇಷ್ಟು ದಿನ ಇದನ್ನು ಭಾಷಾಂತರದ ತಪ್ಪು ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಪತ್ರ ಓದಿದ ಮೇಲೆ ಹಾಗೆ ಹೇಳಿಕೊಳ್ಳಲು ಆಗುತ್ತಿಲ್ಲ. ರಾಯರು ಆ ಮಾತು ಹೇಳಿದಾಗ ಚೀಲದ ಜಿಪ್ ಎಳೆಯುತ್ತಿದ್ದರು. ಒಪ್ಪಿಗೆ ಕೊಡುವವರು ಜಿಪ್ ಎಳೆಯುವುದಿಲ್ಲ. ಅದು ನನಗೆ ಅಲ್ಲೇ, ಆಗಲೇ ಗೊತ್ತಿತ್ತು.

ಬರುತ್ತೇನೆ ಎಂದು ಉತ್ತರ ಬರೆದಿದ್ದೇನೆ. ಕೊನೆಗೆ ಪ್ರಶ್ನೋತ್ತರವಿದೆ. ಯಾರಾದರೂ ನೇರವಾಗಿ ಕೇಳಿದರೆ ಜಿಪ್ಪಿನ ವಿಷಯ ಮುಚ್ಚಿಡುವುದಿಲ್ಲ. ಆದರೆ ಯಾರೂ ಕೇಳಲಾರರು. ಬರುವವರೆಲ್ಲ ಆ ಮೂರು ಸಂಸ್ಥೆಗಳವರೇ.